ಮಟ್ಟು ಯಾರದು, ಅಂಕಿತ ಯಾರದು?

ಒಬ್ಬರ ರಾಗಕ್ಕೆ ಮತ್ತೊಬ್ಬರು ಮಾತು ಹೊಂದಿಸುವುದು ಕನ್ನಡಿಗರಿಗೆ ಹೊಸತೇನಲ್ಲ. ವೃತ್ತಿ ನಾಟಕ ಕಂಪನಿಗಳು ಮರಾಠಿ ರಂಗಗೀತೆಗಳ ಮಟ್ಟುಗಳನ್ನು ಸಂಕೋಚವಿಲ್ಲದೆ ಕನ್ನಡಕ್ಕೆ ತಂದವು. ಇಂದು ಕೇಳಿಬರುವ ದಾಸರ ಪದಗಳ ಧಾಟಿಗಳಲ್ಲಿ ಬಹುಪಾಲು ಅನಂತರದ ಸಂಗೀತಗಾರರು ಕೂಡಿಸಿದವು. ಭೀಮಸೇನ ಜೋಶಿಯವರ ಧಾಟಿ ಒಂದು ಬಗೆಯದಾದರೆ, ಕರ್ನಾಟಕ ಸಂಗೀತದ ವಿದ್ವಾಂಸರದು ಇನ್ನೊಂದು ಬಗೆ. ಆದರೆ ಧಾಟಿ ಎಷ್ಟೇ ಬದಲಾದರೂ ಕೊನೆಯ ನುಡಿಯಲ್ಲಿ ‘ಪುರಂದರ ವಿಠಲ’ ಎಂಬ ಅಂಕಿತ ಬಂದೇ ಬರುತ್ತದೆ. ಹಾಡು ಊರೂರು ಅಲೆದರೂ ಕರ್ತೃವಿನ ಗುರುತು ಅಳಿಯುವುದಿಲ್ಲ.

ಚಿತ್ರಗೀತೆಗೆ ಈ ಭಾಗ್ಯವಿಲ್ಲ. ಸಂಘದ ವೇದಿಕೆಗಳಲ್ಲಿಯೂ ನಟನ ಹೆಸರಿನಿಂದಲೇ ಹಾಡನ್ನು ಸಾರುವುದುಂಟು. ಬರೆದವರನ್ನು ನೆನೆಯುವವರು ವಿರಳ. ರೀಮಿಕ್ಸ್ ಬಂದ ಮೇಲಂತೂ ಈ ಮರೆವು ವ್ಯಾಪಾರವೇ ಆಯಿತು. 1972ರ ‘ಸಮಾಧಿ’ ಚಿತ್ರದ ‘ಕಾಂಟಾ ಲಗಾ’ ಹಾಡು 2002ರಲ್ಲಿ ಹೊಸ ತಾಳದೊಡನೆ ಹೊರಬಂದು ಮನೆಮಾತಾಯಿತು. ಸ್ವರ ಸಂಯೋಜಿಸಿದ ಆರ್. ಡಿ. ಬರ್ಮನ್ 1994ರಲ್ಲಿಯೂ ಗೀತೆ ರಚಿಸಿದ ಮಜ್ರೂಹ್ ಸುಲ್ತಾನ್‌ಪುರಿ 2000ದಲ್ಲಿಯೂ ತೀರಿಕೊಂಡಿದ್ದರು. ಅವರನ್ನು ಕೇಳುವ ಪ್ರಶ್ನೆಯೇ ಉಳಿದಿರಲಿಲ್ಲ.

ಅದೇ ವರ್ಷ ಅಮೆರಿಕದಲ್ಲಿ ‘ಅಡಿಕ್ಟಿವ್’ ಎಂಬ ಹಾಡು ಜನಪ್ರಿಯವಾಯಿತು. 1981ರ ‘ಜ್ಯೋತಿ’ ಚಿತ್ರಕ್ಕಾಗಿ ಬಪ್ಪಿ ಲಾಹಿರಿ ಸಂಯೋಜಿಸಿದ್ದ ಹಾಡಿನ ತುಣುಕನ್ನು, ಲತಾ ಮಂಗೇಶ್ಕರ್ ಅವರ ಧ್ವನಿಯೊಡನೆಯೇ, ಅದರಲ್ಲಿ ಬಳಸಲಾಗಿತ್ತು. ಲಾಹಿರಿಯವರ ಹೆಸರು ಎಲ್ಲಿಯೂ ಇರಲಿಲ್ಲ. ಅವರ ಹೆಸರನ್ನು ನಮೂದಿಸದೆ ಮುದ್ರಿಕೆಯನ್ನು ಮಾರಕೂಡದೆಂದು ಲಾಸ್ ಏಂಜಲೀಸಿನ ನ್ಯಾಯಾಲಯ 2003ರಲ್ಲಿ ಆಜ್ಞೆ ಮಾಡಿತು. ಹೆಸರೂ ಒಂದು ಆಸ್ತಿಯೆಂದು ಅಲ್ಲಿ ಮನಗಂಡದ್ದು ಮೆಚ್ಚತಕ್ಕ ಸಂಗತಿ.

ಭಾರತದ 1957ರ ಕೃತಿಸ್ವಾಮ್ಯ ಕಾನೂನಿಗೆ 2012ರಲ್ಲಿ ಆದ ತಿದ್ದುಪಡಿ ಕವಿಗೂ ಸಂಯೋಜಕನಿಗೂ ಉಪಕಾರ ಮಾಡಿದೆ: ರಾಯಲ್ಟಿಯಲ್ಲಿ ಅವರ ಸಮಪಾಲನ್ನು ನಿರ್ಮಾಪಕನಾಗಲಿ ಕಂಪನಿಯಾಗಲಿ ಬರೆಯಿಸಿಕೊಳ್ಳುವಂತಿಲ್ಲ. ಹಳೆಯ ಹಾಡನ್ನು ಬೇರೆಯವರು ಹಾಡಿ ಮುದ್ರಿಸಲು ಮೊದಲು ಎರಡು ವರ್ಷ ಕಾಯಬೇಕಿತ್ತು, ಈಗ ಐದು ವರ್ಷ. ಮುಂಚಿತವಾಗಿ ತಿಳಿವಳಿಕೆ ಕೊಟ್ಟು ರಾಯಲ್ಟಿ ಸಲ್ಲಿಸಿದರೆ ಸಾಕು. ಆದರೆ ಅನುಮತಿಯಿಲ್ಲದೆ ಮಾತನ್ನೋ ರಾಗವನ್ನೋ ಮಾರ್ಪಡಿಸಕೂಡದು. ಮಾರ್ಪಾಡೇ ಜೀವಾಳವಾದ ರೀಮಿಕ್ಸಿಗೆ ಇದು ಮುಚ್ಚಿದ ಬಾಗಿಲು.

ಕೀಲಿಕೈ ಇರುವುದಾದರೂ ಯಾರ ಬಳಿ? ಬಹುಮಟ್ಟಿಗೆ ಧ್ವನಿಮುದ್ರಿಕೆಯ ಕಂಪನಿಯ ಬಳಿ. ಕಂಪನಿ ಮನಸ್ಸು ಮಾಡಿದರೆ ತನ್ನ ಉಗ್ರಾಣದ ಯಾವ ಹಾಡನ್ನಾದರೂ ಕುಣಿಸಬಹುದು. ಕಂಪ್ಯೂಟರಿನ ಮುಂದೆ ಕುಳಿತ ಬಡ ತರುಣ ಹಾಗೆ ಮಾಡಿದರೆ ಅಪರಾಧ. ಕೃತಿಯನ್ನು ವಿಕೃತಗೊಳಿಸಿದರೆ ತಡೆಯುವ ಹಕ್ಕನ್ನು 57ನೆಯ ಕಲಂ ಕರ್ತೃವಿಗೂ ಅವನ ವಾರಸುದಾರರಿಗೂ ಕೊಟ್ಟಿದೆ, ನಿಜ. ಕಂಪನಿಯ ವಕೀಲರೆದುರು ವರ್ಷಗಟ್ಟಲೆ ನಿಲ್ಲುವ ಶಕ್ತಿ ಎಷ್ಟು ಮಂದಿ ವಾರಸುದಾರರಿಗಿದ್ದೀತು?

ಈ ಹೊಣೆಯನ್ನು ತಿರುಗಿಸಿ ಹಂಚುವುದು ನ್ಯಾಯ. ಕರ್ತೃ ಬದುಕಿರುವವರೆಗೆ ಒಲ್ಲೆನೆನ್ನುವ ಅಧಿಕಾರ ಅವನದೇ ಇರಲಿ, ಕಂಪನಿಯದಲ್ಲ. ಆಮೇಲೆ ಗೊತ್ತಾದ ರಾಯಲ್ಟಿ ತೆತ್ತು, ಮುದ್ರಿಕೆಯ ಮೇಲೆ ಮೂಲದ ಕವಿ, ಸಂಯೋಜಕ, ಗಾಯಕರ ಹೆಸರನ್ನು ಕಾಣುವಂತೆ ಬರೆದವರಿಗೆ ರೀಮಿಕ್ಸ್ ಮಾಡುವ ಸ್ವಾತಂತ್ರ್ಯವಿರಲಿ. ರಾಯಲ್ಟಿಯ ಲೆಕ್ಕವನ್ನೂ ತಗ್ಗಿಸಬೇಕು: ಮರುಗಾಯನಕ್ಕೆ ಈಗಿರುವ ನಿಯಮದಂತೆ ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ರಾಯಲ್ಟಿ ಕಟ್ಟಬೇಕು. ಹಿಂದಿ ಹಾಡಿಗೆ ಇದು ಹೊರೆಯಲ್ಲದಿರಬಹುದು. ತುಳು, ಕೊಡವ ಹಾಡಿನ ಗತಿಯೇನು? ಭಾಷೆಯ ಪ್ರಸಾರವನ್ನು ನೋಡಿ ಈ ಸಂಖ್ಯೆಯನ್ನು ಇಳಿಸಲು ಅದೇ ಕಲಮಿನಲ್ಲಿ ಅವಕಾಶವಿದೆ. ಕೇಳಬೇಕಾದವರು ಆಯಾ ಭಾಷೆಯ ಕಲಾವಿದರು ಮತ್ತು ಅವರ ಸಂಘಗಳು.