ಔಟ್ ಆದ್ರೂ ಬೋರ್ ಆಗದ ಟ್ಯೂನ್‌ಗಳು: ನನ್ನ ಟಾಪ್ 5

(1/5)
ಹೋದ ವಾರ ಸ್ಟೋರಿಯಲ್ಲಿ ಕೇಳಿದ್ನಲ್ಲ, ಹಳೇ ವಿಡಿಯೋ ಗೇಮ್‌ಗಳಲ್ಲಿ ಬೆಸ್ಟ್ ಮ್ಯೂಸಿಕ್ ಯಾವುದು ಅಂತ. ತುಂಬಾ ಜನ ಉತ್ತರ ಕಳಿಸಿದ್ರಿ, ಥ್ಯಾಂಕ್ಸ್. ಆದ್ರೆ ಬಂದ ಲಿಂಕ್‌ಗಳಲ್ಲಿ ಮುಕ್ಕಾಲು ಪಾಲು ಆರ್ಕೆಸ್ಟ್ರಾ ನುಡಿಸಿದ್ದು, ಪಿಯಾನೋ ಕವರ್, ಇಲ್ಲಾ ಸ್ಲೋ ಮಾಡಿ ಎಕೋ ಹಾಕಿದ್ದು. ನಮ್ಮ ಕ್ಲಾಸಿನ ಒಬ್ಬ ಮಹಾಶಯ "ಒರಿಜಿನಲ್ ಬರೀ ಕೀಂ ಕೀಂ ಅನ್ನುತ್ತೆ ಗುರು, ಯಾರು ಕೇಳ್ತಾರೆ ಅದನ್ನ" ಅಂತ ಬರೆದಿದ್ದ. ಇವತ್ತಿನ ಐದು ಪೋಸ್ಟ್ ಅವನಿಗೇ ಅರ್ಪಣೆ.

ನನ್ನ ವಾದ: ಆ ಕೀಂ ಕೀಂ ಇದೆಯಲ್ಲ, ಅದೇ ಸಂಗೀತ. ಆರ್ಕೆಸ್ಟ್ರಾ ಎಲ್ಲ ಆಮೇಲೆ ಬಂದ ನೆಂಟರು. ಸಿನಿಮಾ ಹಾಡನ್ನ ನಾವು ಖುಷಿಯಾದಾಗ ಹಾಕ್ಕೊಂಡು ಕೇಳ್ತೀವಿ, ಸಾಕಾದ್ರೆ ನಿಲ್ಲಿಸ್ತೀವಿ. ಗೇಮ್ ಟ್ಯೂನ್ ಹಾಗಲ್ಲ. ನಾವು ಸೋಲ್ತಾ ಇರುವಾಗ ಅದು ಬರ್ತಾ ಇರುತ್ತೆ. ಒಂದೇ ಜಾಗದಲ್ಲಿ ನಲವತ್ತು ಸಲ ಔಟ್ ಆದ್ರೆ ನಲವತ್ತು ಸಲ ಅದೇ ಟ್ಯೂನ್. ನಲವತ್ತೊಂದನೇ ಸಲವೂ ಕಂಟ್ರೋಲರ್ ಬಿಸಾಕಬೇಕು ಅನ್ನಿಸಬಾರದು. ನನ್ನ ಪರೀಕ್ಷೆ ಇದೊಂದೇ. ಹೆಡ್‌ಫೋನ್ ಹಾಕ್ಕೊಂಡು ಒಂದು ಸಲ ಕವರ್ ಕೇಳಿ ಮಾರ್ಕ್ಸ್ ಕೊಡೋಕಾಗಲ್ಲ.

(2/5)
ಲಿಸ್ಟ್‌ಗೆ ಮುಂಚೆ ಸ್ವಲ್ಪ ಚಿಪ್ ಪುರಾಣ. ಬಿಟ್ಟು ಮುಂದೆ ಹೋಗ್ಬೇಡಿ, ಮಜಾ ಇರೋದೇ ಇಲ್ಲಿ.

1983ರಲ್ಲಿ ಜಪಾನ್‌ನಲ್ಲಿ ಬಂದ ನಿಂಟೆಂಡೊ ಫ್ಯಾಮಿಕಾಮ್‌ನಲ್ಲಿ ಒಟ್ಟು ಐದೇ ಧ್ವನಿ. ಎರಡು ಪಲ್ಸ್ ಅಲೆಗಳು, ಸಾಮಾನ್ಯವಾಗಿ ರಾಗ ಹಿಡಿಯೋಕೆ. ಒಂದು ತ್ರಿಕೋನ ಅಲೆ, ಹೆಚ್ಚಾಗಿ ಬೇಸ್‌ಗೆ. ಇದಕ್ಕೆ ವಾಲ್ಯೂಮ್ ಏರಿಸೋ ಇಳಿಸೋ ಸೌಲಭ್ಯವೂ ಇಲ್ಲ. ಒಂದು ಬರೀ ಗರಗರ ಸದ್ದು, ಡ್ರಮ್‌ಗೆ. ಐದನೇದು ಚಿಕ್ಕಪುಟ್ಟ ರೆಕಾರ್ಡಿಂಗ್ ತುಣುಕುಗಳಿಗೆ. ಮುಗೀತು ಬ್ಯಾಂಡು.

ಅದರಲ್ಲೂ ನೀವು ಜಂಪ್ ಮಾಡಿದ್ರೆ ಆ ಸದ್ದೂ ಈ ಐದರಲ್ಲೇ ಬರಬೇಕು. ಹಾಗಾಗಿ ಹಾಡಿನ ಒಂದು ಧ್ವನಿ ಅರೆಕ್ಷಣ ಮ್ಯೂಸಿಕ್ ಬಿಟ್ಟು ಜಂಪ್ ಕೆಲಸಕ್ಕೆ ಹೋಗಿ ಬರುತ್ತೆ. ಕಚೇರಿ ಮಧ್ಯದಲ್ಲಿ ಪಿಟೀಲಿನವರಿಗೆ "ಸ್ವಲ್ಪ ಎದ್ದು ಬಾಗಿಲು ತೆಗೆದು ಬನ್ನಿ ಸಾರ್" ಅಂದ ಹಾಗೆ. ಹಾಗಿದ್ದೂ ಹಾಡು ಬೀಳಬಾರದು. ಈ ಶಿಸ್ತಲ್ಲಿ ಬರೆದದ್ದನ್ನ ಅರವತ್ತು ಜನರ ಆರ್ಕೆಸ್ಟ್ರಾಗೆ ಕೊಟ್ರೆ ಚೆನ್ನಾಗಿ ಕೇಳಿಸದೆ ಇನ್ನೇನು?

ನಡುವೆ ಒಂದು ಮಾತು. ನಮ್ಮ ಕಡೆ ಮನೆಮನೆಗೆ ಬಂದದ್ದು ಹೆಚ್ಚಾಗಿ ಫ್ಯಾಮಿಕಾಮ್‌ನ ಕಾಪಿ ಸೆಟ್‌ಗಳು. ಟಿವಿಗೆ ಸಿಕ್ಕಿಸಿ, ಮೇಲೆ "ಕ್ಯಾಸೆಟ್" ಹಾಕೋದು. ದೊಡ್ಡಮ್ಮನ ಮನೆ ಅಟ್ಟದಲ್ಲಿ ಅಣ್ಣ ಬಿಟ್ಟುಹೋಗಿದ್ದ ಸೆಟ್‌ನಲ್ಲೇ ನಾನು ಮಾರಿಯೋ ಕಲಿತಿದ್ದು. ಇಂಥ ಎಷ್ಟೋ ಕಾಪಿ ಚಿಪ್‌ಗಳಲ್ಲಿ ಪಲ್ಸ್ ಅಲೆಯ ಎರಡು ಸೆಟ್ಟಿಂಗ್‌ಗಳು ಅದಲುಬದಲಾಗಿರುತ್ತವೆ, ಅದರಿಂದ ಧ್ವನಿಯ ಬಣ್ಣವೇ ಬೇರೆ ಆಗುತ್ತೆ. ಮುಂದೆ ಅಸಲಿ ಮಾರಿಯೋ ಕೇಳಿದಾಗ "ಇದೇನೋ ಡೂಪ್ಲಿಕೇಟ್" ಅಂದ್ಕೊಂಡಿದ್ದೆ ನಾನು!

(3/5)
ಸರಿ, ಲಿಸ್ಟ್.

5. ಸ್ಟ್ರೀಟ್ಸ್ ಆಫ್ ರೇಜ್ 2 (1992), ಸೆಗಾ ಮೆಗಾ ಡ್ರೈವ್. ಟ್ಯೂನ್: ಗೋ ಸ್ಟ್ರೈಟ್. ಯುಜೋ ಕೊಶಿರೋ ಕ್ಲಬ್‌ಗಳ ಹೌಸ್, ಟೆಕ್ನೋ ಮ್ಯೂಸಿಕ್ ತಂದು ಯಮಾಹಾ ಚಿಪ್‌ನೊಳಗೆ ತುರುಕಿದ್ರು. ರಸ್ತೆಯಲ್ಲಿ ರೌಡಿಗಳಿಗೆ ಹೊಡೀತಾ ನಡೆಯೋದಷ್ಟೇ ಗೇಮ್, ಬೀಟ್ ಇಲ್ಲದಿದ್ರೆ ಹತ್ತು ನಿಮಿಷಕ್ಕೆ ನಿದ್ದೆ ಬರುತ್ತೆ. ಇನ್ನೊಂದು ವಿಷಯ ನೆನಪಿಟ್ಟುಕೊಳ್ಳಿ, ಕೊನೇ ಪೋಸ್ಟ್‌ಗೆ ಬೇಕಾಗುತ್ತೆ: ಇವರ ಹೆಸರು ಟೈಟಲ್ ಸ್ಕ್ರೀನ್ ಮೇಲೇ ಬರ್ತಿತ್ತು. 1989ರ ರಿವೆಂಜ್ ಆಫ್ ಶಿನೋಬಿ ತೆಗೆದು ನೋಡಿ.

4. ಕ್ರೋನೋ ಟ್ರಿಗರ್ (1995), ಸೂಪರ್ ನಿಂಟೆಂಡೊ. ಟ್ಯೂನ್: ಕಾರಿಡಾರ್ಸ್ ಆಫ್ ಟೈಮ್. ಇಲ್ಲಿ ಎಂಟು ಧ್ವನಿ, ಆದ್ರೆ ಸೌಂಡ್‌ಗೆ ಇದ್ದ ಮೆಮೊರಿ 64 ಕೆಬಿ. ನೀವು ವಾಟ್ಸಾಪ್‌ನಲ್ಲಿ ಕಳಿಸೋ ಗುಡ್ ಮಾರ್ನಿಂಗ್ ಫೋಟೋನೇ ಅದಕ್ಕಿಂತ ದೊಡ್ಡದು. ಆ ಚಿಪ್ ಮಾಡಿದ್ದು ಸೋನಿಯ ಕೆನ್ ಕುತರಾಗಿ, ಮುಂದೆ ಪ್ಲೇಸ್ಟೇಷನ್ ತಂದವರು. ಸಂಗೀತ ಬರೆದ ಯಾಸುನೊರಿ ಮಿತ್ಸುದಾಗೆ ಆಗ ಇಪ್ಪತ್ತಮೂರರ ಆಸುಪಾಸು, ಅಂದ್ರೆ ನಮ್ಮ ಸೀನಿಯರ್‌ಗಳ ವಯಸ್ಸು. ಕಂಪೋಸ್ ಮಾಡೋಕೆ ಬಿಡದಿದ್ರೆ ಕೆಲಸ ಬಿಡ್ತೀನಿ ಅಂತ ಮೇಲಿನವರ ಹತ್ರ ಹಟ ಹಿಡಿದು ಈ ಗೇಮ್ ಪಡೆದವರು. ಆಮೇಲೆ ಹಗಲು ರಾತ್ರಿ ದುಡಿದು ಹೊಟ್ಟೆಯಲ್ಲಿ ಅಲ್ಸರ್ ಆಗಿ ಆಸ್ಪತ್ರೆ ಸೇರಿದ್ರು, ಉಳಿದ ಟ್ಯೂನ್‌ಗಳನ್ನ ನೊಬುವೋ ಉಎಮಾತ್ಸು ಮುಗಿಸಿಕೊಟ್ರು. ಬರೀ ಕಿವಿಯಿಂದ ಅಳೆದ್ರೆ ಇದೇ ಫಸ್ಟ್. ಆದ್ರೆ ಈ ಗೇಮ್‌ನಲ್ಲಿ ಅಷ್ಟು ಔಟ್ ಆಗಲ್ಲ, ಪ್ರಶ್ನೆಪತ್ರಿಕೆ ಸುಲಭ ಇತ್ತು. ಅದಕ್ಕೆ ನಾಲ್ಕು.

3. ಡಾಂಕಿ ಕಾಂಗ್ ಕಂಟ್ರಿ (1994), ಅದೇ ಸೂಪರ್ ನಿಂಟೆಂಡೊ. ಟ್ಯೂನ್: ಅಕ್ವಾಟಿಕ್ ಆಂಬಿಯನ್ಸ್. ಬರೆದವರು ಇಂಗ್ಲೆಂಡಿನ ಡೇವಿಡ್ ವೈಸ್. ನೀರಿನ ಲೆವೆಲ್ ಅಂದ್ರೆ ಎಲ್ರಿಗೂ ಅಲರ್ಜಿ, ಬಟನ್ ಒತ್ತಿದ್ದಕ್ಕೂ ಕೋತಿ ಹೋಗೋದಕ್ಕೂ ಸಂಬಂಧವೇ ಇರಲ್ಲ. ಆದ್ರೂ ಈ ಟ್ಯೂನ್ ಬರ್ತಿದ್ರೆ ಸಿಟ್ಟೇ ಬರಲ್ಲ. ಔಟ್ ಆದೆ, ಸರಿ, ಇನ್ನೊಂದು ಸಲ ಈಜೋಣ ಅನ್ನಿಸುತ್ತೆ.

ಮೆಗಾ ಮ್ಯಾನ್ 2 ಎಲ್ಲಿ ಅಂತ ಕೇಳೋರಿಗೆ: ಡಾಕ್ಟರ್ ವೈಲಿ ಟ್ಯೂನ್ ಹತ್ತು ಸಲ ಮೈ ಜುಂ ಅನ್ಸುತ್ತೆ, ಇಪ್ಪತ್ತನೇ ಸಲಕ್ಕೆ ಯಾರೋ ಹಿಂದಿನಿಂದ ಕಿರುಚಿ ತಳ್ತಿದ್ದಾರೆ ಅನ್ಸುತ್ತೆ. ಬೈಯೋರು ಬೈಯಿರಿ.

(4/5)
2. ಸೂಪರ್ ಮಾರಿಯೋ ಬ್ರದರ್ಸ್ (1985). ಕೋಜಿ ಕೊಂಡೋ.

ಕೊಂಡೋ ಇದಕ್ಕೆ ಮೊದಲು ಬರೆದ ಟ್ಯೂನ್ ಬೇರೆಯೇ. ಗೇಮ್ ಆಡಿ ನೋಡಿದಾಗ ಮಾರಿಯೋ ಓಡೋ ವೇಗಕ್ಕೂ ಅದಕ್ಕೂ ತಾಳ ಕೂಡಲಿಲ್ಲ. ಎತ್ತಿಟ್ಟು ಹೊಸದಾಗಿ ಬರೆದ್ರು. ಅಂದ್ರೆ ಇದು ಕಿವಿಗೆ ಬರೆದ ಟ್ಯೂನ್ ಅಲ್ಲ, ಹೆಬ್ಬೆರಳಿಗೆ ಬರೆದದ್ದು. ನೀರಿನೊಳಗೆ ಹೋದ್ರೆ ವಾಲ್ಟ್ಸ್, ಒಂದು ಎರಡು ಮೂರು ಅಂತ ತೂಗುತ್ತೆ. ಟೈಮ್ ನೂರಕ್ಕಿಂತ ಕೆಳಗಿಳಿದ್ರೆ ಅದೇ ಟ್ಯೂನ್ ಓಡೋಕೆ ಶುರು, ಜೊತೆಗೆ ನಮ್ಮ ಎದೆಬಡಿತವೂ. 2023ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ರಾಷ್ಟ್ರೀಯ ಧ್ವನಿಮುದ್ರಿಕೆ ಪಟ್ಟಿಗೆ ಇದನ್ನ ಸೇರಿಸಿತು. ಆ ಪಟ್ಟಿ ಸೇರಿದ ಮೊದಲ ವಿಡಿಯೋ ಗೇಮ್ ಸಂಗೀತ ಇದೇ. ಕೀಂ ಕೀಂ ಮಹಾಶಯರು ಗಮನಿಸಬೇಕು, ಸೇರಿಸಿದ್ದು ಆರ್ಕೆಸ್ಟ್ರಾದಲ್ಲ.

ಹಾಗಿದ್ರೆ ಒಂದನೇ ಸ್ಥಾನ ಯಾಕಿಲ್ಲ? ಆ ಮೊದಲ ಏಳು ಸ್ವರಗಳನ್ನ ರಿಂಗ್‌ಟೋನ್, ಮೀಮ್, ಜಾಹೀರಾತು ಎಲ್ಲ ಸೇರಿ ಸವೆಸಿಬಿಟ್ಟಿವೆ. ಗೇಮ್ ಶುರು ಆಗೋ ಮುಂಚೆಯೇ ಕಿವಿಗೆ ಸುಸ್ತು. ಇದು ಕೊಂಡೋ ತಪ್ಪಲ್ಲ, ಮಾರ್ಕ್ಸ್ ಕಟ್ ಮಾಡಿದ್ದು ಅನ್ಯಾಯ ಅಂತ ನಂಗೂ ಗೊತ್ತು.

(5/5)
1. ಕ್ಯಾಸಲ್‌ವೇನಿಯಾ (1986), ಫ್ಯಾಮಿಕಾಮ್. ಟ್ಯೂನ್: ವ್ಯಾಂಪೈರ್ ಕಿಲ್ಲರ್.

ಸೈಮನ್ ಬೆಲ್ಮಾಂಟ್ ಅನ್ನೋ ಚಾಟಿ ಹಿಡಿದ ಮನುಷ್ಯ ಡ್ರಾಕುಲಾ ಕೋಟೆಗೆ ನುಗ್ತಾನೆ. ಆದ್ರೆ ನಡಿಗೆ ಮದುವೆ ಗಂಡಿನದ್ದು, ಅಷ್ಟು ಬಿಗಿ. ಒಮ್ಮೆ ಹಾರಿದ್ರೆ ಗಾಳಿಯಲ್ಲಿ ದಿಕ್ಕು ಬದಲಿಸೋಕಾಗಲ್ಲ. ಏಟು ಬಿದ್ರೆ ಹಿಂದಕ್ಕೆ ಎಸೆಯಲ್ಪಡ್ತಾನೆ, ಹಿಂದೆ ನೀರಿದ್ರೆ ಕಥೆ ಮುಗೀತು. ಲೈಫ್ ಎಲ್ಲ ಹೋದ್ರೆ ಮತ್ತೆ ಮೊದಲಿಂದ, ಮತ್ತೆ ಅದೇ ಟ್ಯೂನ್. ಅದರ ಒಂದು ಸುತ್ತು ಒಂದು ನಿಮಿಷವೂ ಇಲ್ಲ. ಮೊದಲ ಲೆವೆಲ್ ದಾಟೋಕೆ ನಂಗೆ ಎರಡು ಸಂಜೆ ಬೇಕಾಯ್ತು. ಗೇಮ್‌ಗೆ ಬೈದೆ, ಬಾವಲಿ ಬಾಸ್‌ಗೆ ಬೈದೆ, ಟ್ಯೂನ್‌ಗೆ ಒಂದು ಸಲವೂ ಬೈಲಿಲ್ಲ. ಆ ಬಿಗಿ ನಡಿಗೆಗೆ ಬೇಸ್ ಹೆಜ್ಜೆ ಹಾಕುತ್ತೆ, ಮೇಲಿನ ರಾಗ "ಏಳೋ, ಹೋಗೋಣ" ಅನ್ನುತ್ತೆ.

ಈ ಗೇಮ್‌ನ ಸಂಗೀತ ಮಾಡಿದ್ದು ಕಿನುಯೋ ಯಮಾಶಿತಾ ಮತ್ತು ಸತೋಎ ತೆರಾಶಿಮಾ. ಇಬ್ಬರೂ ಹೆಣ್ಮಕ್ಕಳು. ಯಮಾಶಿತಾ ಆಗಷ್ಟೇ ಓದು ಮುಗಿಸಿ ಕೆಲಸಕ್ಕೆ ಸೇರಿದ್ದವರು. ಗೇಮ್ ಗೆದ್ದು ಡ್ರಾಕುಲಾನ ಮುಗಿಸಿದ್ರೆ ಹೆಸರುಗಳು ಬರುತ್ತವೆ. ಸಂಗೀತ ಅನ್ನೋ ಕಡೆ ಏನಿದೆ ಗೊತ್ತಾ? ಜೇಮ್ಸ್ ಬನಾನಾ. ಹೌದು, ಬಾಳೆಹಣ್ಣು. ಹಳೇ ಡ್ರಾಕುಲಾ ಸಿನಿಮಾಗಳಿಗೆ ಸಂಗೀತ ಕೊಟ್ಟ ಜೇಮ್ಸ್ ಬರ್ನಾರ್ಡ್ ಹೆಸರನ್ನ ತಿರುಚಿ ಮಾಡಿದ ಜೋಕ್. ಆಗ ಅಸಲಿ ಹೆಸರು ಹಾಕದೆ ಇಂಥ ಅಡ್ಡಹೆಸರು ಹಾಕೋದು ಗೇಮ್ ಕಂಪನಿಗಳಲ್ಲಿ ಮಾಮೂಲಿ. ಕೊಶಿರೋ ಹೆಸರು ಟೈಟಲ್ ಮೇಲೆ, ಇವರದು ಬಾಳೆಹಣ್ಣಿನ ಸಿಪ್ಪೆ ಕೆಳಗೆ.

ಮೊನ್ನೆ ಯಾರದೋ ಜಿಮ್ ರೀಲ್‌ಗೆ ಇದೇ ಟ್ಯೂನ್ ಇತ್ತು. ಕೆಳಗೆ "ಒರಿಜಿನಲ್ ಆಡಿಯೋ" ಅಂತ, ಪಕ್ಕದಲ್ಲಿ ಆ ಹುಡುಗನ ಐಡಿ. ಸುಮಾರು ನಲವತ್ತು ವರ್ಷ ಆದ್ಮೇಲೂ ಬಾಳೆಹಣ್ಣೇ! ಹೋಗಿ ಎರಡೂ ಹೆಸರು ಕಾಮೆಂಟ್ ಹಾಕಿ ಬಂದೆ. "ಯಾರು ಬ್ರೋ ಇವ್ರು" ಅಂತ ರಿಪ್ಲೈ ಬಂತು, ಈ ಪೋಸ್ಟ್‌ನ ಲಿಂಕ್ ಕಳಿಸ್ತಿದ್ದೀನಿ.

ನಿಮ್ಮ ಟಾಪ್ 5 ಕಾಮೆಂಟ್‌ನಲ್ಲಿ ಹಾಕಿ. ಕಂಡೀಷನ್ ಎರಡು: ಲಿಂಕ್ ಒರಿಜಿನಲ್ ಚಿಪ್ ಸೌಂಡ್‌ದೇ ಆಗಿರಬೇಕು, ಪಕ್ಕದಲ್ಲಿ ಬರೆದವರ ಹೆಸರು ಇರಬೇಕು. ಮಹಾಶಯ, ನಿಂಗೆ ಭಾನುವಾರದವರೆಗೆ ಟೈಮ್.

#ಕೀಂಕೀಂಸಂಗೀತ #ಹಳೇಕ್ಯಾಸೆಟ್ #ಬಾಳೆಹಣ್ಣಲ್ಲಯಮಾಶಿತಾ