ಸೆಕೆಂಡ್ ಹಾಫ್ ಲ್ಯಾಗ್ ಅಂತೆ!

2025ರ ಜುಲೈನಲ್ಲಿ ಬಂದ ‘ಸು ಫ್ರಮ್ ಸೋ’ ನೋಡ್ಕೊಂಡು ಶಾಮನೂರಿನ ನಮ್ಮ ರೂಮಿಗೆ ಬಂದಾಗ ಎಲ್ಲರದ್ದೂ ಒಂದೇ ತೀರ್ಪು: ‘ಫಸ್ಟ್ ಹಾಫ್ ಮಸ್ತ್ ಐತಿ, ಸೆಕೆಂಡ್ ಹಾಫ್ ಲ್ಯಾಗ್ ಲೇ.’ ನಾನೂ ತಲೆಯಾಡಿಸಿದೆ. ಕರಾವಳಿ ಕನ್ನಡ ಅರ್ಧ ಅರ್ಥ ಆಗದಿದ್ರೂ ರವಿಯಣ್ಣನ್ನ ನೋಡಿ ಹೊಟ್ಟೆ ಹಿಡ್ಕೊಂಡು ನಕ್ಕಿದ್ವಿ.

ಮರುದಿನ ಫೋನಲ್ಲಿ ಅಕ್ಕ ಕೇಳಿದ್ಲು, ‘ಭಾನು ಬಗ್ಗೆ ಯಾರೂ ಮಾತಾಡ್ಲಿಲ್ವಾ?’ ಇಲ್ಲ. ತಾಯಿ ಸುಲೋಚನಾ ಸತ್ತ ಮೇಲೆ ಒಂಟಿಯಾದ ಹುಡುಗಿ, ಅವಳಿಗೆ ಗಂಡಸೊಬ್ಬ ಕೊಡೋ ಕಾಟ. ಅದೇ ನಮಗೆ ಲ್ಯಾಗ್! ನಿರ್ದೇಶಕ ಜೆ.ಪಿ. ತುಮಿನಾಡು ಅಷ್ಟೊತ್ತು ನಗಿಸಿದ್ದೇ ಅವಳ ಕತೆ ಹೇಳೋಕೆ ಅಂತ ಈಗ ಅನ್ಸುತ್ತೆ. ಕಾಮಿಡಿ ಕಮ್ಮಿ ಆದ ಕೂಡ್ಲೇ ಮೊಬೈಲ್ ತೆಗೆದವರು ನಾವು.

ನನ್ನ ತೀರ್ಪು ವಾಪಸ್ ತಗೊಂಡೆ. ರೂಮ್‌ಮೇಟ್ ಒಪ್ಪಿಲ್ಲ, ಬೆಣ್ಣೆ ದೋಸೆ ಮುಂದೆ ಕೂತ್ರೂ ಅದೇ ಜಗಳ.