ಕೋಟೆ ಕಂದಕಕ್ಕೆ ಹೊಸ ಬಾಳು

ಸೈನ್ಯಕ್ಕೆಂದು ಕಟ್ಟಿ, ಸೈನ್ಯಕ್ಕೆ ಬೇಡವಾದ ಜಾಗ ವಿಜಯಪುರದ ಸುತ್ತಲೂ ಇದೆ: ಸುಮಾರು 10 ಕಿ.ಮೀ. ಸುತ್ತಳತೆಯ ಆದಿಲ್‌ಶಾಹಿ ಕೋಟೆಗೋಡೆ, ಬುರುಜುಗಳು, ಕಂದಕ. 1686ರಲ್ಲಿ ಕೋಟೆ ಔರಂಗಜೇಬನ ವಶವಾಯಿತು. 1885ರಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ಇಲ್ಲಿಗೆ ಬಂದಾಗ ಹಳೆಯ ಅರಮನೆಗಳಲ್ಲೇ ಸರ್ಕಾರಿ ಕಚೇರಿಗಳು ನಡೆದವು. ಮರುಬಳಕೆ ಈ ಊರಿಗೆ ಹೊಸದಲ್ಲ.

ಈಗ ಕಂದಕದ ಹಲವೆಡೆ ಜಾಲಿ, ಕಸ, ಕೊಳಚೆ ನೀರು. ಸಂರಕ್ಷಿತ ಸ್ಮಾರಕದ 100 ಮೀಟರ್ ಒಳಗೆ ಹೊಸ ಕಟ್ಟಡ ಕೂಡದು, ಅದರಾಚೆಯ 200 ಮೀಟರಿಗೂ ಅನುಮತಿ ಬೇಕು ಎನ್ನುತ್ತದೆ ಕಾನೂನು. ಇದು ಅಡ್ಡಿಯಲ್ಲ, ಬಯಲನ್ನು ಉಳಿಸಿಕೊಟ್ಟ ಉಪಕಾರ. ಬಹುಮಹಡಿ ಬಡಾವಣೆ ಇಲ್ಲಿ ಬೇಕಿಲ್ಲ. ಬರದ ಸೀಮೆಗೆ ಬೇಕಿರುವುದು ಮಳೆನೀರು ಹಿಡಿದಿಡುವ ಕಂದಕ, ಗೋಡೆಗುಂಟ ಬೇವಿನ ನೆರಳಿನ ಕಾಲುದಾರಿ, ಕೆಳಗೆ ಅಂಗಡಿಯೂ ಮೇಲೆ ವಾಸವೂ ಇರುವ ಹಳೆಯ ಮನೆಗಳ ದುರಸ್ತಿಗೆ ನೆರವು. ತಿಕೋಟಾ, ಬಬಲೇಶ್ವರದಿಂದ ದ್ರಾಕ್ಷಿ, ಕಾಯಿಪಲ್ಯೆ ತರುವ ರೈತರಿಗೆ ಬಸ್ಸಿಳಿದು ನಡೆದೇ ಮುಟ್ಟಬಹುದಾದ ಸಂತೆಕಟ್ಟೆಯೂ ಇರಲಿ.

ಒಂದು ಮಾತನ್ನು ಒತ್ತಿ ಹೇಳಬೇಕು. ಗೋಡೆಗೆ ಆತುಕೊಂಡು ಬದುಕುವ ಬಡವರನ್ನು ಬೀದಿಗೆ ತಳ್ಳಿ ಉದ್ಯಾನ ಮಾಡಿದರೆ ಅದು ಅನ್ಯಾಯ. ತೆರವು ಅನಿವಾರ್ಯವಾದಲ್ಲಿ ಮೊದಲು ಸಮೀಪದಲ್ಲೇ ಮನೆ ಕೊಡಬೇಕು.

1620ರ ತಾಜ್ ಬಾವಡಿ ಎಂಬ ಬಾವಿಯ ಹೂಳೆತ್ತಿದ ಅನುಭವ ಊರಿಗಿದೆ. ಮಹಾನಗರ ಪಾಲಿಕೆ, ಪುರಾತತ್ವ ಇಲಾಖೆ ಕೂಡಿ ಮುಂದಿನ ಮುಂಗಾರಿಗೆ ಮೊದಲೇ ಕಂದಕದ ಹೂಳಿಗೆ ಕೈಹಾಕಲಿ.